ಬ್ರೇಕ್ ಒತ್ತುವ ಜಾಗ

ಬೆಳಗಿನ ಏಳಕ್ಕೇ ಪಿಟ್ ಗೋಡೆಯ ಕಾಂಕ್ರೀಟು ಬೆಚ್ಚಗಾಗಿದೆ. ಹಾಸನದಲ್ಲಾದರೆ ಈ ಹೊತ್ತಿಗೆ ಮೈಮೇಲೆ ಸ್ವೆಟರ್ ಇರುತ್ತದೆ. ಇಲ್ಲಿ, ಚೆನ್ನೈ ಹೊರಗಿನ ಇರುಂಗಾಟ್ಟುಕೊಟ್ಟೈಯ ರೇಸ್ ಟ್ರ್ಯಾಕಿನಲ್ಲಿ, ಅಂಗಿ ಆಗಲೇ ಬೆನ್ನಿಗೆ ಅಂಟಿದೆ. ಪೆಟ್ರೋಲು, ಕಾದ ರಬ್ಬರು, ಯಾರೋ ಫ್ಲಾಸ್ಕಿನಲ್ಲಿ ತಂದ ಫಿಲ್ಟರ್ ಕಾಫಿ, ಮೂರೂ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತಿವೆ. ಪಕ್ಕದಲ್ಲಿ ಹಳದಿ ಲ್ಯಾಂಬೊರ್ಗಿನಿ ಹುರಕಾನ್ ಚಾಲೂ ಆಗುತ್ತದೆ. ಹತ್ತು ಸಿಲಿಂಡರಿನ ಆ ಎಂಜಿನ್ ಒಮ್ಮೆ ಗುಡುಗಿ ಸಮನಿಗೆ ಬರುವಷ್ಟರಲ್ಲಿ ನನ್ನ ಕೈಲಿರುವ ಲೋಟದ ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದು ಅಂಚಿಗೆ ಹೋಗಿ ಒಡೆಯುತ್ತವೆ.

ಪ್ಯಾಡಕ್ಕಿನ ಉದ್ದಕ್ಕೂ ಬಾನೆಟ್ಟುಗಳು ತೆರೆದು ನಿಂತಿವೆ. ಪೋರ್ಷೆ 911 ಜಿಟಿ3, ಫೆರಾರಿ 488, ನಿಸ್ಸಾನ್ ಜಿಟಿಆರ್. ಅವುಗಳ ಆಚೆಗೆ ಹಳೆಯ ಕಾಲದ ಸಾಲು: ಒಂದು ಬೀಟಲ್, ಒಂದು ಕಾಂಟೆಸ್ಸಾ, ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೇ ಕೂತು ಎಂಜಿನ್ ಕೆಲಸ ಮಾಡಬಹುದು. ಸೂಪರ್‌ಕಾರಿನ ಹುಡುಗರು ಅದರ ಸುತ್ತ ನೆರೆದು ಫೋಟೊ ತೆಗೆಯುತ್ತಿದ್ದಾರೆ.

ಸಾಲಿನ ಕೊನೆಗೆ ನಮ್ಮದು. ಕೆಎ-13 ನೋಂದಣಿಯ ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿ. 1089 ಸಿ.ಸಿ. ಎಂಜಿನ್, ನಲವತ್ತು ಚಿಲ್ಲರೆ ಅಶ್ವಶಕ್ತಿ, ಸ್ಟೀರಿಂಗಿನ ಕಂಬಕ್ಕೇ ಕೂಡಿಸಿದ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹುರಕಾನಿನದು 5.2 ಲೀಟರು, 610 ಅಶ್ವಶಕ್ತಿ. ಪದ್ಮಿನಿಯ ಯಜಮಾನರು ಸಕಲೇಶಪುರ ಕಡೆಯ ಕಾಫಿ ಬೆಳೆಗಾರರು. ಎಲ್ಲರೂ ಅವರನ್ನು ಗೌಡ್ರು ಎಂದೇ ಕರೆಯುವುದು. ತಂದೆ ಕೊಂಡ ಕಾರನ್ನು ಮಾರದೆ ಉಳಿಸಿಕೊಂಡವರು. ಅದನ್ನು ಈ ಬಿಸಿಲಿಗೆ, ಈ ಓಟಕ್ಕೆ ಸಿದ್ಧ ಮಾಡಿದವರು ಹೊಳೆನರಸೀಪುರದ ಮೇಸ್ತ್ರಿ. ಮೊಣಕಾಲೂರಿ ಹಿಂದಿನ ಚಕ್ರಕ್ಕೆ ಗೇಜು ಒತ್ತುತ್ತಿದ್ದಾರೆ.

"ಗಾಳಿ ಎಷ್ಟಿಟ್ರಿ ಮೇಸ್ತ್ರಿ?"

"ಇಪ್ಪತ್ನಾಲ್ಕು ಇಟ್ಟಿವ್ನಿ ಗೌಡ್ರೇ. ನಾಲ್ಕು ಸುತ್ತು ಓಡಿದ್ರೆ ಅದೇ ಏರ್ತದೆ. ಈಗ್ಲೇ ಪೂರ್ತಿ ಬಿಗ್ಸಿದ್ರೆ ಆಮೇಲೆ ಟೈರು ಉಬ್ಕಂಡು ಹಿಡ್ತ ಬಿಟ್ಬಿಡ್ತದೆ."

ಇವತ್ತು ಇಲ್ಲಿ ಟ್ರ್ಯಾಕ್ ಡೇ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಗೆಲ್ಲುವವರು, ಸೋಲುವವರು, ಕಪ್ಪು, ಪದಕ ಏನೂ ಇಲ್ಲ. ನಿಮ್ಮ ಸ್ವಂತ ಕಾರನ್ನು ತಂದು, ಶುಲ್ಕ ಕಟ್ಟಿ, ನನ್ನ ಜವಾಬ್ದಾರಿ ನನ್ನದು ಎಂದು ಬರೆದುಕೊಟ್ಟು, ಎದುರಿನಿಂದ ಯಾರೂ ಬಾರದ ರಸ್ತೆಯಲ್ಲಿ ಅದು ಎಷ್ಟು ಓಡಬಲ್ಲದು, ಎಷ್ಟು ನಿಲ್ಲಬಲ್ಲದು ಎಂದು ನೋಡುವ ದಿನ. ನಿಲ್ಲುವುದನ್ನು ನೋಡುವವರು ಕಡಿಮೆ. ನಾನು ಬಂದದ್ದು ಅದಕ್ಕೇ.

ತಪಾಸಣೆಯವರು ಬರುತ್ತಾರೆ. ಬ್ಯಾಟರಿಯನ್ನು ಹಿಡಿದು ಅಲುಗಾಡಿಸುತ್ತಾರೆ. ಟೈರಿನ ಗೀರುಗಳ ಆಳ ನೋಡುತ್ತಾರೆ, ಬ್ರೇಕ್ ಪೆಡಲನ್ನು ಕೈಯಿಂದ ಒತ್ತಿ ಹಿಡಿದು ಅದು ಕುಸಿಯುತ್ತದೆಯೇ ಎಂದು ಕಾಯುತ್ತಾರೆ. ಡಿಕ್ಕಿಯಿಂದ ಸ್ಟೆಪ್ನಿ, ಜಾಕು, ನೀರಿನ ಬಾಟಲಿ ಎಲ್ಲ ಆಚೆ ಬರಬೇಕು. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪತಿಯನ್ನೂ ಗೌಡರು ಬಿಡಿಸಿ ಕರವಸ್ತ್ರದಲ್ಲಿ ಸುತ್ತಿ ಮೇಸ್ತ್ರಿಯ ಕೈಗೆ ಕೊಡುತ್ತಾರೆ. ಹೊಸದಾಗಿ ಹಾಕಿಸಿದ ಸೀಟ್ ಬೆಲ್ಟಿನ ಬೋಲ್ಟುಗಳನ್ನು ತಪಾಸಣೆಯವರು ಎರಡು ಸಲ ಎಳೆದು ನೋಡಿ ತಲೆಯಾಡಿಸುತ್ತಾರೆ. ಗಾಜಿನ ಮೇಲೆ ಚೀಟಿ ಅಂಟುತ್ತದೆ.

ಆಮೇಲೆ ಶೆಡ್ಡಿನ ನೆರಳಲ್ಲಿ ಎಲ್ಲರನ್ನೂ ಕೂರಿಸಿ ಬಾವುಟಗಳ ಪಾಠ. ಹಳದಿ ಬೀಸಿದರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ದಾಟಬೇಡಿ. ಕೆಂಪಾದರೆ ಓಟ ನಿಂತಿತು, ಮೆಲ್ಲಗೆ ಪಿಟ್ಟಿಗೆ ಬನ್ನಿ. ನೀಲಿಯಾದರೆ ಹಿಂದೆ ವೇಗದ ಕಾರಿದೆ, ಕನ್ನಡಿ ನೋಡಿ. ದಾಟುವುದು ನೇರ ಹಾದಿಯಲ್ಲಿ ಮಾತ್ರ, ಅದೂ ಮುಂದಿನವರು ಕೈ ತೋರಿ ದಾರಿ ಬಿಟ್ಟ ಮೇಲೆ. ಪಾಠ ಹೇಳುವವರು ಇಂಗ್ಲಿಷಿನಲ್ಲಿ ಶುರುಮಾಡಿ ತಮಿಳಿಗೆ ದಾಟಿ, ನಮ್ಮನ್ನು ಕಂಡು ಎರಡು ಮಾತು ಕನ್ನಡದಲ್ಲೂ ಆಡುತ್ತಾರೆ. "ಹಿಂದೆ ಬರೋರ ಬಗ್ಗೆ ಯೋಚ್ನೆ ಬೇಡ, ಮುಂದೆ ನೋಡಿ. ಕಣ್ಣು ಎಲ್ಲಿಗೆ ಹೋಗುತ್ತೋ ಕಾರು ಅಲ್ಲಿಗೆ ಹೋಗುತ್ತೆ."

ಸರ್ಕ್ಯೂಟಿನ ಉದ್ದ 3.717 ಕಿ.ಮೀ., ತಿರುವು 12. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು. ಕ್ಲಬ್ಬು ಹುಟ್ಟಿದ್ದು 1953ರಲ್ಲಿ, ಈ ಸರ್ಕ್ಯೂಟ್ ಶುರುವಾದದ್ದು 1990ರಲ್ಲಿ. ಅದಕ್ಕೂ ಮುಂಚೆ ಅವರ ರೇಸುಗಳು ನಡೆಯುತ್ತಿದ್ದದ್ದು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ. ಅಲ್ಲಿ ಅಂದು ಜೋರಾಗಿ ಓಡಿದ ಕಾರುಗಳಲ್ಲಿ ಹಲವು ಈ ಪದ್ಮಿನಿಯ ಅಕ್ಕತಂಗಿಯರೇ. ಕಾರ್ಬ್ಯುರೇಟರ್ ಬದಲಿಸಿ, ಎಂಜಿನ್ನಿನ ತಲೆ ತಿಕ್ಕಿಸಿ, ಹಿಂದಿನ ಸೀಟು ಕಿತ್ತ ಫಿಯೆಟ್‌ಗಳು. ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದೂ ಅಲ್ಲೇ. ಮೇಸ್ತ್ರಿಯ ಗುರುಗಳು ಬಸ್ಸು ಹತ್ತಿ ಹೋಗಿ ಆ ರೇಸು ನೋಡಿಬಂದವರಂತೆ. ಪದ್ಮಿನಿಯ ಎಂಜಿನ್ ಬಿಚ್ಚುವಾಗಲೆಲ್ಲ ಅವರು ಶೋಲಾವರಂ ಕತೆ ಹೇಳುತ್ತಿದ್ದರಂತೆ. ಹಾಗಾಗಿ ಮೇಸ್ತ್ರಿಗೆ ಇಲ್ಲಿಗೆ ಬರುವುದೆಂದರೆ ತಮ್ಮ ವಿದ್ಯೆಯ ತವರಿಗೆ ಬಂದ ಹಾಗೆ. ಬೆಳಗಿನಿಂದ ಅವರು ನೆಲ ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ.

ಮೊದಲ ಸರದಿ ಹಳೆಯ ಕಾರುಗಳದು. ಹೆಲ್ಮೆಟ್ ಹಾಕಿ ಗೌಡರ ಪಕ್ಕ ಕೂರುತ್ತೇನೆ. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ದೊಡ್ಡದಾಗಿ ಕೇಳುತ್ತದೆ. ಪಿಟ್ಟಿನ ದಾರಿಯ ಕೊನೆಯಲ್ಲಿ ಹಸಿರು ದೀಪ. ಮುಂದೆ ಆಯೋಜಕರ ಕಾರು, ಅದರ ಬೆನ್ನಿಗೆ ನಾವೆಲ್ಲ ಸಾಲಾಗಿ. ಮೊದಲ ಸುತ್ತು ಬರೀ ನೋಡುವುದಕ್ಕೆ. ಪ್ರತಿ ತಿರುವಿಗೂ ಕೋನ್‌ಗಳನ್ನಿಟ್ಟಿದ್ದಾರೆ: ಬ್ರೇಕ್ ಒತ್ತುವಲ್ಲಿ ಒಂದು, ಸ್ಟೀರಿಂಗ್ ತಿರುಗಿಸುವಲ್ಲಿ ಒಂದು, ಒಳ ಅಂಚನ್ನು ಸವರಿ ಹೋಗಬೇಕಾದಲ್ಲಿ ಇನ್ನೊಂದು. ಹೊರಗಿನಿಂದ ಒಳಗೆ, ಒಳಗಿನಿಂದ ಮತ್ತೆ ಹೊರಗೆ. ಗೌಡರಿಗೆ ಇದನ್ನು ಮೇಸ್ತ್ರಿ ಊರಲ್ಲೇ ಹೇಳಿಕೊಟ್ಟಿದ್ದರು: "ಮೇವಿನ ಗಾಡೀನ ಸಂದೀಗೆ ತಿರುಗಿಸೋವಾಗ ಎತ್ತನ್ನ ಮೊದ್ಲು ಆಚೆಗೆ ಒಯ್ತೀವಲ್ಲ ಗೌಡ್ರೇ, ಅದೇ ಲೆಕ್ಕ."

ಮುಂದಿನ ಕಾರು ಸರಿದುಕೊಳ್ಳುತ್ತದೆ. ಹಾದಿ ತೆರೆಯುತ್ತದೆ.

ಗೌಡರು ಮೂರನೇ ಗೇರಿನಲ್ಲಿ ಎಳೆದು ನಾಲ್ಕಕ್ಕೆ ಹಾಕುತ್ತಾರೆ. ಕಂಬದ ಮೇಲಿನ ಗೇರು ಕಡ್ಡಿ ಕಟಕ್ಕೆಂದು ಕೂರುತ್ತದೆ. ಕಿಟಕಿಯಿಂದ ಬಿಸಿಗಾಳಿ ನುಗ್ಗಿ ಅಂಗಿಯ ತೋಳು ಪಟಪಟ ಬಡಿಯುತ್ತದೆ. ಸ್ಪೀಡೋಮೀಟರಿನ ಮುಳ್ಳು ನಡುಗುತ್ತಾ ನೂರನ್ನು ಮುಟ್ಟುತ್ತದೆ. ನೂರು ಎಂದರೆ ಈಗಿನ ಹೆದ್ದಾರಿಯಲ್ಲಿ ಯಾವ ಬಾಡಿಗೆ ಕಾರಾದರೂ ಹೋಗುವ ವೇಗ. ಆದರೆ ಈ ಕಾರಿನಲ್ಲಿ ನೂರು ಎಂದರೆ ಬಾಗಿಲುಗಳು ಮಾತಾಡುತ್ತವೆ, ಗೇರ್ ಬಾಕ್ಸ್ ಹಾಡುತ್ತದೆ, ಸೀಟಿನ ಸ್ಪ್ರಿಂಗುಗಳಿಂದ ರಸ್ತೆಯ ಒಂದೊಂದು ಹೊಲಿಗೆಯೂ ಬೆನ್ನಿಗೆ ಗೊತ್ತಾಗುತ್ತದೆ. ಮೊದಲ ಬಲ ತಿರುವಿನ ಕೋನ್ ಹತ್ತಿರ ಬರುತ್ತದೆ. ಬ್ರೇಕ್. ಮೂತಿ ಬಾಗುತ್ತದೆ, ಬೆಲ್ಟು ಹೆಗಲಿಗೆ ಒತ್ತುತ್ತದೆ, ಕಾರಿನ ಭಾರವೆಲ್ಲ ಮುಂದಿನ ಎರಡು ಚಕ್ರದ ಮೇಲೆ ಬಂದು ಕೂರುತ್ತದೆ. ಭಾರ ಬಿದ್ದ ಚಕ್ರಕ್ಕೆ ಹಿಡಿತ ಹೆಚ್ಚು. ಆ ಕ್ಷಣಕ್ಕೇ ಗೌಡರು ಸ್ಟೀರಿಂಗ್ ತಿರುಗಿಸುತ್ತಾರೆ. ಕಾರು ಎಡಕ್ಕೆ ವಾಲಿ, ಟೈರುಗಳು ಕಿರುಗುಟ್ಟಿ, ಒಳ ಅಂಚಿನ ಬಣ್ಣದ ಕಲ್ಲುಗಳ ಪಕ್ಕದಲ್ಲೇ ಹಾದು ಹೊರಬೀಳುತ್ತದೆ. ಗೌಡರ ಮುಖ ಕಾಣುವುದಿಲ್ಲ, ಹೆಲ್ಮೆಟ್ಟಿನೊಳಗಿಂದ "ಹೋಯ್!" ಎಂಬ ಕೂಗು ಮಾತ್ರ ಕೇಳುತ್ತದೆ.

ಐದಾರು ಸುತ್ತು ಕಳೆದ ಮೇಲೆ ಪೆಡಲಿನ ಮಾತು ಬದಲಾಗುತ್ತದೆ. ಗೌಡರ ಕಾಲು ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ. ಕಾರಿನೊಳಗೆ ಕಮಟು ವಾಸನೆ. ಕಾರು ನಿಲ್ಲುವುದೆಂದರೆ ಅದರ ಓಟದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕರಗುವುದು. ವೇಗ ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟು. ಡ್ರಮ್ ಬ್ರೇಕಿನಲ್ಲಿ ಲೈನಿಂಗು ಒಳಗಿನಿಂದ ಡ್ರಮ್ಮಿಗೆ ಒತ್ತುತ್ತದೆ. ಡ್ರಮ್ಮು ಕಾದು ಹಿಗ್ಗಿದರೆ ಲೈನಿಂಗಿನಿಂದ ದೂರ ಸರಿಯುತ್ತದೆ, ಪೆಡಲು ಉದ್ದವಾಗುತ್ತದೆ, ಒತ್ತಿದಷ್ಟು ಹಿಡಿಯುವುದಿಲ್ಲ. ಅದರ ಮೇಲೆ ಬ್ರೇಕಿನ ಎಣ್ಣೆಯ ಕತೆ ಬೇರೆ. ಹೊಸ ಡಾಟ್ 4 ಎಣ್ಣೆ ಕುದಿಯಲು 230 ಡಿಗ್ರಿಯಾದರೂ ಬೇಕು. ಆದರೆ ಅದು ಗಾಳಿಯ ತೇವವನ್ನು ಹೀರುವ ಎಣ್ಣೆ. ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡ ಮುಟ್ಟುವುದೇ ಇಲ್ಲ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ, ಆಮೇಲೆ ಶಿರಾಡಿ ಘಾಟಿ ಇಳಿಯುವ ನಮ್ಮ ಕಡೆಯ ಎಷ್ಟು ಕಾರುಗಳಲ್ಲಿ ಈ ಎಣ್ಣೆ ಬದಲಿಸುತ್ತಾರೆ? ಸೋರಿದರೆ ಮಾತ್ರ ತುಂಬಿಸುವವರೇ ಹೆಚ್ಚು. ಟ್ರ್ಯಾಕಿಗೆ ಬಂದವರು ಇದನ್ನು ಮರೆಯುವುದಿಲ್ಲ. ಅದೊಂದೇ ಕಾರಣಕ್ಕೆ ಘಾಟಿಯ ಊರಿನ ಪ್ರತಿಯೊಬ್ಬ ಚಾಲಕನನ್ನೂ ಒಂದು ದಿನ ಇಲ್ಲಿಗೆ ಕರೆತರಬೇಕು ಅನ್ನಿಸುತ್ತದೆ.

ಗೌಡರು ವೇಗ ತಗ್ಗಿಸುತ್ತಾರೆ. ಒಂದಿಡೀ ಸುತ್ತು ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ತಿರುಗಿಸಿ ಗಾಳಿಗೆ ತಣಿಸಿ ಪಿಟ್ಟಿಗೆ ತರುತ್ತಾರೆ. ಮೇಸ್ತ್ರಿ ಕೈ ಬೀಸುತ್ತಾ ಓಡಿ ಬರುತ್ತಾರೆ.

"ಹ್ಯಾಂಡ್ ಬ್ರೇಕ್ ಎಳೀಬ್ಯಾಡಿ ಗೌಡ್ರೇ! ಗೇರಲ್ಲೇ ಬಿಡಿ!"

ಕಾದ ಡ್ರಮ್ಮಿಗೆ ಲೈನಿಂಗನ್ನು ಒತ್ತಿ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಂಡುಬಿಡುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು, ಡ್ರಮ್ಮಿನ ಹತ್ತಿರ ಅಂಗೈ ಹಿಡಿದು, ಎಷ್ಟು ದೂರದಿಂದ ಬಿಸಿ ತಾಕುತ್ತದೆ ಎಂದು ಅಳೆಯುತ್ತಾರೆ. ನಾಲ್ಕೂ ಚಕ್ರ ನೋಡಿ ಬಂದು, "ಹಿಂದಿನ ಎಡಗಡೇದು ಜಾಸ್ತಿ ಕಾದದೆ. ಅಡ್ಜಸ್ಟ್ ಮಾಡ್ತೀನಿ," ಎಂದು ಕಾರಿನಡಿ ತೂರುತ್ತಾರೆ.

ಸೂಪರ್‌ಕಾರುಗಳ ಸರದಿ ಬರುತ್ತದೆ. ನಾನು ಪಿಟ್ ಗೋಡೆಗೆ ಒರಗಿ ನಿಲ್ಲುತ್ತೇನೆ. ಜಿಟಿ3 ಮೊದಲು ಬರುತ್ತದೆ. ಒಂಬತ್ತು ಸಾವಿರ ಸುತ್ತಿನವರೆಗೆ ಏರುವ ಅದರ ಎಂಜಿನ್ನು ದೂರದ ತಿರುವಿನಲ್ಲಿರುವಾಗಲೇ ಕೇಳಿಸತೊಡಗಿ, ಏರುತ್ತಾ ಏರುತ್ತಾ ಎದುರಿಗೆ ಬಂದು, ತಲೆ ತಿರುಗಿಸುವಷ್ಟರಲ್ಲಿ ದಾಟಿಹೋಗಿರುತ್ತದೆ. ಗೋಡೆಯ ಮೇಲಿಟ್ಟ ಕಾಗದದ ಲೋಟ ಉರುಳುತ್ತದೆ. ಆಮೇಲೆ ನೇರ ಹಾದಿಯ ಕೊನೆಯಲ್ಲಿ ಬ್ರೇಕಿನ ದೀಪ ಹೊಳೆಯುತ್ತದೆ. ನಮ್ಮ ಪದ್ಮಿನಿ ಒತ್ತಿದ ಕೋನ್ ದಾಟಿ, ಇನ್ನೂ ದಾಟಿ, ಇನ್ನು ನಿಲ್ಲಲಾರದು ಅನ್ನಿಸುವ ಜಾಗದಲ್ಲಿ ಒತ್ತಿ, ನಿಂತೇಬಿಟ್ಟಿತೆನ್ನುವಷ್ಟು ನಿಧಾನವಾಗಿ ತಿರುಗುತ್ತದೆ. ಇಂಥ ಕಾರುಗಳ ದುಬಾರಿ ಭಾಗ ಎಂಜಿನ್ ಎಂದುಕೊಳ್ಳುತ್ತೇವೆ. ಆ ಬ್ರೇಕ್ ಡಿಸ್ಕುಗಳನ್ನು ಹತ್ತಿರದಿಂದ ನೋಡಿದರೆ, ಊಟದ ತಟ್ಟೆಗಿಂತ ದೊಡ್ಡ ಆ ಕಾರ್ಬನ್ ಸೆರಾಮಿಕ್ ಬಿಲ್ಲೆಗಳನ್ನು ನೋಡಿದರೆ, ಮರ್ಯಾದೆಯೆಲ್ಲ ಅತ್ತ ಹೋಗುತ್ತದೆ.

ಹಳದಿ ಹುರಕಾನಿನ ಹುಡುಗ ಮೂಲದಲ್ಲಿ ಚನ್ನರಾಯಪಟ್ಟಣದವನು, ಈಗ ಬೆಂಗಳೂರಿನಲ್ಲಿ ಉದ್ಯಮ. ಕೆಎ-13 ನೋಡಿ ತಾನೇ ಬಂದು ಮಾತಾಡಿಸಿದ. ಕೇಳಿದೆ, ಇಷ್ಟು ದೂರ ಯಾಕೆ ಬರ್ತೀಯಪ್ಪ, ಊರಿನ ನಿನ್ನ ಮನೆ ಮುಂದೆಯೇ ನಾಲ್ಕು ಪಥದ ರಸ್ತೆಯಿದೆಯಲ್ಲ ಎಂದು.

ಅವನು ಸ್ವಲ್ಪ ಹೊತ್ತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿದ. "ಅಣ್ಣ, ನಮ್ಮಜ್ಜಿ ಈಗ್ಲೂ ಬೆಳಿಗ್ಗೆ ಆ ರೋಡ್ ದಾಟ್ಕೊಂಡೇ ಡೇರಿಗೆ ಹಾಲು ಹಾಕಕ್ಕೆ ಹೋಗೋದು."

ಆ ರಸ್ತೆಯನ್ನು ಹಾಸನದವರು ಬಲ್ಲರು. ರಾಷ್ಟ್ರೀಯ ಹೆದ್ದಾರಿ 75. ಹಾಸನ ಬಿಟ್ಟು ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಎಡೆಯೂರು, ಕುಣಿಗಲ್. ಭಾನುವಾರ ನಸುಕಿನಲ್ಲಿ ಬೆಂಗಳೂರಿನ ವೇಗದ ಕಾರುಗಳು, ಬೈಕುಗಳು ಗುಂಪಾಗಿ ಬರುವ ರಸ್ತೆ ಅದು. ಸರಿಯಾಗಿ ಅದೇ ಹೊತ್ತಿಗೆ ಹಾಲಿನ ಕ್ಯಾನು ಹಿಡಿದವರು, ಹಸು ಹೊಡೆದುಕೊಂಡು ಹೋಗುವವರು, ಮೊದಲ ಬಸ್ಸಿಗೆ ನಿಂತ ಮಕ್ಕಳು ಡಿವೈಡರಿನ ಸಂದಿಯಲ್ಲಿ ದಾಟುತ್ತಿರುತ್ತಾರೆ. ಗಂಟೆಗೆ 180ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 50 ಮೀಟರು ಸಾಗುತ್ತದೆ. ರಸ್ತೆಯ ಅಂಚಿನಲ್ಲಿ ನಿಂತ ಅಜ್ಜಿಗೆ ದೂರದಲ್ಲಿ ದೀಪ ಕಾಣುತ್ತದೆ, ಎಷ್ಟು ಬೇಗ ಬರುತ್ತಿದೆ ಎಂದು ಕಾಣುವುದಿಲ್ಲ. ಅವಳು ಜೀವನವಿಡೀ ಕಲಿತ ಲೆಕ್ಕ ಬಸ್ಸಿನದು, ಲಾರಿಯದು. ವೇಗ ನನಗೂ ಇಷ್ಟ, ಬಹಳ ಇಷ್ಟ. ಆದರೆ ಅದನ್ನು ಆ ಅಜ್ಜಿಯ ರಸ್ತೆಯಿಂದ ಆಚೆ ತಂದು ಬೇಲಿ ಹಾಕಿದ ಜಾಗದಲ್ಲಿ ಇಡಬೇಕು. ಬೇಲಿ ಹಾಕಿದ ಜಾಗ ಹತ್ತಿರವಿಲ್ಲದಿದ್ದರೆ ಹುಡುಗರು ರಸ್ತೆಯಲ್ಲೇ ಓಡಿಸುತ್ತಾರೆ.

ನಮಗೆ ಹತ್ತಿರದಲ್ಲಿ ಅದಿಲ್ಲ. ಬೆಂಗಳೂರಿನಲ್ಲಿ ಗೋ-ಕಾರ್ಟ್ ಟ್ರ್ಯಾಕುಗಳಿವೆ, ಮಕ್ಕಳು ಕಲಿಯಲು ಒಳ್ಳೆಯ ಜಾಗ. ದೊಡ್ಡ ಸರ್ಕ್ಯೂಟ್ ಬೇಕೆಂದರೆ ಇಲ್ಲಿಗೆ ಬರಬೇಕು, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಇಲ್ಲವೇ ದೆಹಲಿ ಪಕ್ಕದ ಬುದ್ಧ ಸರ್ಕ್ಯೂಟಿನಂಥ ಜಾಗಕ್ಕೆ. ಹಾಸನದಿಂದ ಇಲ್ಲಿಗೆ ಹತ್ತಿರ ಹತ್ತಿರ ಐನೂರು ಕಿ.ಮೀ. ನಮ್ಮ ನೆಲಕ್ಕೆ ಓಡಿಸುವವರ ಕೊರತೆ ಎಂದೂ ಇರಲಿಲ್ಲ. ಹಾಸನದ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ನಡೆದಿದೆ. ಆ ಸರಣಿಯ ಪಟ್ಟವನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಆ ತೋಟಗಳಲ್ಲಿ ಓಡಿಸಿದವರೇ. ಗೌಡರ ತಲೆಮಾರಿನವರು ತೋಟದ ಗೇಟಿಗೆ ಕುರ್ಚಿ ಹಾಕಿಕೊಂಡು ರ‍್ಯಾಲಿ ನೋಡಿದವರು, ನ್ಯಾವಿಗೇಟರ್ ಆಗಿ ಕೂತವರು. ಮಣ್ಣಿನ ವಿದ್ಯೆಗೆ ಊರಲ್ಲೇ ಜಾಗವಿತ್ತು. ಡಾಂಬರಿನ ವಿದ್ಯೆಗೆ ಮಾತ್ರ ಲಾರಿಯ ಮೇಲೆ ಕಾರು ಹೇರಿಕೊಂಡು ಬರಬೇಕಾಗಿದೆ.

ಮಧ್ಯಾಹ್ನ ನೆಲ ನೋಡಲಾಗದಷ್ಟು ಬಿಸಿಲು. ಮೊಸರನ್ನ ತಿಂದು ಎಲ್ಲರೂ ಶೆಡ್ಡಿನಲ್ಲಿ ಕಾಲು ಚಾಚಿದ್ದಾರೆ. ಬೇಲಿಯಾಚೆ ಕಾರ್ಖಾನೆಗಳ ಪಾಳಿ ಬದಲಾಗುತ್ತಿದೆ. ಹ್ಯುಂಡೈ ಕಾರ್ಖಾನೆ ಇರುವುದೂ ಇದೇ ಊರಲ್ಲಿ.

ಮೂರರ ಮೇಲೆ ಚನ್ನರಾಯಪಟ್ಟಣದ ಹುಡುಗ ಮೇಸ್ತ್ರಿಯ ಹತ್ತಿರ ಬರುತ್ತಾನೆ. "ಬನ್ನಿ ಮೇಸ್ತ್ರಿ, ಒಂದು ರೌಂಡು."

"ಬ್ಯಾಡಪ್ಪ, ಕೈಯೆಲ್ಲ ಗ್ರೀಸು."

"ತೊಳ್ಕೊಂಡು ಬನ್ನಿ, ಕಾಯ್ತೀನಿ."

ಮೇಸ್ತ್ರಿ ಕೈ ಮಾತ್ರವಲ್ಲ, ಮುಖವನ್ನೂ ತೊಳೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬರುತ್ತಾರೆ. ಆ ಕಾರಿನೊಳಗೆ ಇಳಿಯಬೇಕು, ಹತ್ತುವಂತಿಲ್ಲ. ಒಂದು ಕಾಲು ಒಳಗಿಟ್ಟು, ಚಾವಣಿ ಹಿಡಿದು, ಮೆಲ್ಲಗೆ ಕೂರುತ್ತಾರೆ. ನಾನೂ ಗೌಡರೂ ಗೋಡೆಗೆ ಓಡುತ್ತೇವೆ. ಮೊದಲ ಸುತ್ತಿನಲ್ಲಿ ಹಳದಿ ಮಿಂಚಿ ಮಾಯವಾಗುತ್ತದೆ. ಎರಡನೆಯದರಲ್ಲಿ ಕಿಟಕಿಯ ಗಾಜಿನ ಹಿಂದೆ ಮೇಸ್ತ್ರಿಯ ಹೆಲ್ಮೆಟ್ಟು ನೆಟ್ಟಗೆ ಮುಂದಕ್ಕೆ ನೋಡುತ್ತಿರುವುದು ಕಾಣುತ್ತದೆ. ಮೂರು ಸುತ್ತು ಮುಗಿಸಿ ಬಂದಾಗ ಅವರು ತಕ್ಷಣ ಇಳಿಯುವುದಿಲ್ಲ. ಇಳಿದವರು ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, ಡಿಸ್ಕಿನ ಹತ್ತಿರ ಅಂಗೈ ಹಿಡಿದು, ಬಿಸಿ ನೋಡುತ್ತಾರೆ.

"ಎಂಜಿನ್ ಬಿಡಿ ಗೌಡ್ರೇ. ಅದು ಎಳೀತದೆ ಅಂತ ಗೊತ್ತಿತ್ತು. ಇದು ನಿಲ್ಲೋದು ನೋಡ್ಬೇಕು ನೀವು. ಕಳ್ಳು ಬಾಯಿಗ್ ಬಂದಂಗಾಯ್ತದೆ, ಆದ್ರೆ ಕಾರು ಒಂದ್ ಚೂರೂ ಅಲ್ಲಾಡಾಕಿಲ್ಲ."

ಈಗ ಹುಡುಗನ ಸರದಿ. ಪದ್ಮಿನಿಯಲ್ಲಿ ಗೌಡರ ಪಕ್ಕ ಕೂರುತ್ತೇನೆಂದು ಅವನೇ ಕೇಳಿಕೊಂಡಿದ್ದಾನೆ. ಬಿಸಿಲು ಇಳಿಮುಖ, ನೆರಳುಗಳು ಟ್ರ್ಯಾಕನ್ನು ಅಡ್ಡಗಟ್ಟಿವೆ. ಕೊನೆಯ ಸರದಿಯಲ್ಲಿ ಎಲ್ಲ ಬಗೆಯವೂ ಸೇರಿ ಕೆಲವೇ ಕಾರು. ಗೌಡರು ಬೆಳಗಿಗಿಂತ ಈಗ ಸಲೀಸು. ಕೋನ್ ತೆಗೆದಿದ್ದಾರೆ, ಆದರೂ ಪ್ರತಿ ಸುತ್ತಿನಲ್ಲೂ ಕಾರು ಅದೇ ಜಾಗದಲ್ಲಿ ಮೂತಿ ಬಾಗಿಸುತ್ತದೆ, ಅದೇ ಕಲ್ಲಿನ ಪಕ್ಕ ಹಾಯುತ್ತದೆ. ಬ್ರೇಕ್ ಕಡಿಮೆ ಒತ್ತಿ ಹೆಚ್ಚು ದೂರ ಹೋಗುವುದನ್ನು ಅವರು ಒಂದೇ ದಿನದಲ್ಲಿ ಕಂಡುಕೊಂಡಿದ್ದಾರೆ. ಬೇಗ ಒತ್ತಿ, ಬೇಗ ಬಿಟ್ಟು, ತಿರುವಿನ ನಡುವೆಯೇ ಆಕ್ಸಿಲರೇಟರಿಗೆ ಕಾಲಿಡುತ್ತಿದ್ದಾರೆ. ಹಿಂದಿನಿಂದ ಜಿಟಿಆರ್ ಬರುತ್ತದೆ. ನೀಲಿ ಬಾವುಟ ಬೀಸುತ್ತದೆ. ನೇರ ಹಾದಿಗೆ ಬಂದು ಗೌಡರು ಕಿಟಕಿಯಿಂದ ಕೈ ಚಾಚಿ ದಾರಿ ತೋರಿಸುತ್ತಾರೆ. ಜಿಟಿಆರ್ ದಾಟುವಾಗ ಅದರ ಚಾಲಕನೂ ಕೈ ಎತ್ತುತ್ತಾನೆ. ನಮ್ಮ ಹೆದ್ದಾರಿಯಲ್ಲಿ ನಾನು ಇಂಥದ್ದನ್ನು ನೋಡಿಲ್ಲ.

ಚೌಕಳಿ ಬಾವುಟ ಬೀಳುತ್ತದೆ. ಪದ್ಮಿನಿ ತಣ್ಣಗಾಗುವ ಸುತ್ತು ಮುಗಿಸಿ ಪಿಟ್ಟಿಗೆ ಬರುತ್ತದೆ. ಹುಡುಗ ಇಳಿದು ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಬೆವರು, ಕಣ್ಣು ಅಗಲ. "ಇದರಲ್ಲಿ ಎಲ್ಲಾ ಕೇಳ್ಸುತ್ತೆ ಅಣ್ಣ," ಅನ್ನುತ್ತಾನೆ ನನಗೆ. "ಟೈರು, ಗೇರು, ಬ್ರೇಕು, ಎಲ್ಲಾ. ನನ್ನ ಕಾರು ನಂಗೇನೂ ಹೇಳೋದೇ ಇಲ್ಲ, ಅದೇ ಮಾಡ್ಬಿಡುತ್ತೆ." ಅವನು ಮೇಸ್ತ್ರಿಯ ಕಡೆ ತಿರುಗುತ್ತಾನೆ. "ಇಂಥದ್ದೊಂದು ಸಿಕ್ಕಿದ್ರೆ ನಂಗೂ ಮಾಡ್ಕೊಡ್ತೀರಾ?"

ಮೇಸ್ತ್ರಿ ಆಗಲೇ ಜಾಕು ಕೊಟ್ಟು ಹಿಂದಿನ ಎಡ ಚಕ್ರ ಬಿಚ್ಚುತ್ತಿದ್ದಾರೆ. "ಅರಕಲಗೂಡಲ್ಲಿ ಒಂದು ಶೆಡ್ಡಲ್ಲಿ ನಿಂತದೆ. ನೆಲ ತಿಂದೋಗದೆ, ಎಂಜಿನ್ ಮಾತ್ರ ಚೆನ್ನಾಗದೆ. ಬರೋ ವಾರ ಬನ್ನಿ, ನೋಡಾಣ," ಎಂದು ತಲೆಯೆತ್ತದೆ ಹೇಳಿ, ಕೈ ಚಾಚುತ್ತಾರೆ. "ಆ ಹದಿನೇಳರ ಪಾನಾ ಕೊಡಪ್ಪ ಇತ್ಲಾಗೆ."